ಒಂಟಿ ಸೀನು

ಕೆಳಗಿನ ಮನೆಯವರು ಎಷ್ಟು ಹೊತ್ತಿಗೆ ಒಗ್ಗರಣೆ ಹಾಕಬೇಕು ಎಂದು ಹೇಳುವ ಹಕ್ಕು ನನಗಿಲ್ಲ, ಒಪ್ಪುತ್ತೇನೆ. ಆದರೂ ಮೊನ್ನೆ ಬುಧವಾರ ಬೆಳಿಗ್ಗೆ ಎಂಟೂಕಾಲಿಗೆ ಸರಿಯಾಗಿ ಅವರು ಮೆಣಸಿನಕಾಯಿಯನ್ನು ಕಾದ ಎಣ್ಣೆಗೆ ಹಾಕಬಾರದಿತ್ತು. ಬ್ಯಾಡಗಿಯಾಗಿದ್ದರೆ ಹೇಗೋ ಸುಧಾರಿಸಿಕೊಳ್ಳುತ್ತಿದ್ದೆ. ಅದು ಗುಂಟೂರಿನದು. ಘಾಟು ಕಿಟಕಿಯ ಕಂಬಿಗಳ ಸಂದಿಯಿಂದ ನುಗ್ಗಿ, ಅಡುಗೆಮನೆ ದಾಟಿ, ಬಾಗಿಲ ಹತ್ತಿರ ನಿಂತಿದ್ದ ನನ್ನ ಮೂಗನ್ನೇ ಹುಡುಕಿಕೊಂಡು ಬಂತು. ಮೊಮ್ಮಗಳು ಅನಘಾ ಒಂದು ಕಾಲಿಗೆ ಶೂ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. ಕೆಳಗೆ ಕ್ಯಾಬು ಬಂದು ನಿಂತಿತ್ತು. "ಅಜ್ಜಿ, ಹೋಗ್ಬರ್ತೀನಿ" ಅಂದಳು. ನಾನು ಸೀನಿದೆ. ಒಂದೇ ಒಂದು. ಎರಡನೆಯದು ಬರಲಿಲ್ಲ.

ನಿಮಗೆ ನಗು ಬರುತ್ತಿರಬಹುದು. ನಗಿ, ಬೇಡ ಅನ್ನುವುದಿಲ್ಲ. ಆದರೆ ಬಸವನಗುಡಿಯಲ್ಲಿ ಹುಟ್ಟಿ ಬೆಳೆದ ನನ್ನಂಥವಳಿಗೆ ಹೊರಡುವ ಹೊತ್ತಿನ ಒಂಟಿ ಸೀನು ಎಂದರೆ ಏನೆಂದು ವಿವರಿಸಿ ಹೇಳುವುದು ಕಷ್ಟ. ನಮ್ಮ ಮನೆಯಲ್ಲಿ ಹೊರಟವರನ್ನು 'ಎಲ್ಲಿಗೆ' ಎಂದು ಕೇಳುತ್ತಿರಲಿಲ್ಲ. 'ಹೋಗ್ತೀನಿ' ಎಂದು ಯಾರೂ ಹೇಳುತ್ತಿರಲಿಲ್ಲ, 'ಹೋಗ್ಬರ್ತೀನಿ' ಎಂದೇ ಹೇಳಬೇಕು. ಯಾರಾದರೂ ಒಂದು ಸಲ ಸೀನಿದರೆ ಹೊರಟವರು ವಾಪಸು ಬಂದು ಕುಳಿತು, ಒಂದು ಗುಟುಕು ನೀರು ಕುಡಿದು, ಸ್ವಲ್ಪ ಹೊತ್ತು ಬಿಟ್ಟು ಹೊರಡಬೇಕು. ಹಿಂದೆಯೇ ಎರಡನೆಯ ಸೀನು ಬಂದರೆ ಮಾತ್ರ ಚಿಂತೆಯಿಲ್ಲ, ಮೊದಲಿನದು ಲೆಕ್ಕಕ್ಕಿಲ್ಲ. ಇಷ್ಟೇ ಕಾನೂನು. ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಇತ್ತು. ಎಲ್ಲರೂ ಕಾಲಕ್ರಮೇಣ ಮರೆತರು. ನಾನೊಬ್ಬಳು ಮರೆಯಲಿಲ್ಲ.

ನನ್ನ ಈ ಹುಚ್ಚಿನಿಂದ ಆಗಿರುವ ಅನಾಹುತಗಳನ್ನು ನಾನೇ ಹೇಳಿಬಿಡುತ್ತೇನೆ. ನನ್ನ ಮಗಳು ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆಗೆ ಮೊದಲ ಬೆಲ್ಲು ಹೊಡೆದ ಮೇಲೆ ಹೋಗಿ ಕೂತಳು. ಅಳಿಯಂದಿರು ಹೆಣ್ಣು ನೋಡಲು ಬಂದ ದಿನ ವಾಪಸು ಹೊರಟವರನ್ನು ಹೊಸಿಲಿನಿಂದ ಕರೆದು ಕೂರಿಸಿ ನೀರು ಕೊಟ್ಟೆ. ಹುಡುಗ ಒಪ್ಪಿಗೆಯಾಗಲಿಲ್ಲ ಎಂದು ಹೇಳಲು ಕೂರಿಸಿದ್ದಾರೆಂದು ಅವರು ಬೆವರಿದರಂತೆ. ಒಮ್ಮೆ ನಲ್ಲಿ ರಿಪೇರಿಯವನನ್ನೂ ಬಿಡಲಿಲ್ಲ. ಇಡೀ ಮಧ್ಯಾಹ್ನ ನೀರಿನಲ್ಲೇ ಇದ್ದವನು, "ಮತ್ತೆ ನೀರಾ ಅಮ್ಮ" ಎಂದು ಕೇಳಿ ಕುಡಿದು ಹೋದ. ಮನೆಯಲ್ಲಿ ಯಾರಾದರೂ ಊರಿಗೆ ಹೊರಟರೆ ಆ ಹೊತ್ತಿನಲ್ಲಿ ಮೆಣಸಿನಕಾಯಿ ಹುರಿಯಬಾರದು, ಹಾಸಿಗೆ ಕೊಡವಬಾರದು, ಪುಸ್ತಕದ ಧೂಳು ಹೊಡೆಯಬಾರದು. ನಾನು ಬಾಗಿಲಲ್ಲಿ ಕಾವಲು ನಿಂತಿರುತ್ತೇನೆ. ಕೆಳಗಿನ ಮನೆಯ ಬಾಣಲೆಯೊಂದು ನನ್ನ ಅಧಿಕಾರಕ್ಕೆ ಒಳಪಡುವುದಿಲ್ಲ.

ಅನಘಾಳನ್ನು ಒಂಟಿ ಶೂನಲ್ಲಿ ಬಾಗಿಲ ಹತ್ತಿರ ನಿಲ್ಲಿಸಿಬಿಟ್ಟಿದ್ದೇನೆ, ಗೊತ್ತು. ಸ್ವಲ್ಪ ಹೊತ್ತು ನಿಂತಿರಲಿ. ಅವಳು ಹೊರಟಿದ್ದು ಎಲ್ಲಿಗೆ ಎಂದು ನಾನು ಬಾಯಿಬಿಟ್ಟು ಕೇಳಿರಲಿಲ್ಲ, ಆದರೆ ಮೂರು ತಿಂಗಳಿಂದ ನಿದ್ದೆಗೆಟ್ಟು ತಿಳಿದಿದ್ದೆ. ಸಮುದ್ರದ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳಿರುತ್ತವಂತೆ. ಅವುಗಳ ಬಗ್ಗೆ ಓದುವುದು ಅವಳ ಕೆಲಸ. ಗೋವಾದಲ್ಲಿ ಹಡಗು ಹತ್ತಿ ಇಪ್ಪತ್ತು ದಿನ ಸಮುದ್ರದ ಮೇಲಿದ್ದು ಬರಬೇಕು. ಹಡಗು ಅವತ್ತೇ ಸಂಜೆ ಹೊರಡುವುದಿತ್ತು. ನಮ್ಮ ಮನೆಯಿಂದ ಹಡಗು ಹತ್ತಲು ಹೊರಟವರಲ್ಲಿ ಅವಳು ಎರಡನೆಯವಳು. ಮೊದಲನೆಯವನು ನನ್ನ ಅಣ್ಣ, ಪ್ರಭಾಕರ.

ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. ಬೆಂಗಳೂರಿನ ಹುಡುಗ ನೌಕಾಪಡೆ ಸೇರಿದ ಎಂಬುದನ್ನು ನಮ್ಮ ಬೀದಿ ಅರಗಿಸಿಕೊಳ್ಳಲೇ ಇಲ್ಲ. ನಮಗೆ ಗೊತ್ತಿದ್ದ ಅತಿ ದೊಡ್ಡ ನೀರು ಕೆಂಪಾಂಬುಧಿ ಕೆರೆ. ಎದುರು ಮನೆಯ ಸಾವಿತ್ರಮ್ಮನವರು, ಹಡಗಿನಲ್ಲಿ ಸ್ನಾನಕ್ಕೆ ಸಿಹಿನೀರು ಬರುತ್ತದೆಯೋ, ಮಡಿ ಹೇಗೆ ಒಣಗಿಸುತ್ತಾರೋ ಎಂದು ಅಮ್ಮನನ್ನು ವಾರಕ್ಕೊಮ್ಮೆ ಕೇಳುತ್ತಿದ್ದರು. ಅಪ್ಪ ಹೈಸ್ಕೂಲು ಮೇಷ್ಟ್ರು. ಮಗ ಇಂಜಿನಿಯರ್ ಆಗಲಿ ಎಂದು ಆಸೆಪಟ್ಟವರು, ಅವನ ಅರ್ಜಿಗೆ ಸಹಿ ಹಾಕುವಾಗ ಮಾತ್ರ ಒಂದು ಚಿಟಿಕೆ ನಶ್ಯ ಜಾಸ್ತಿ ಏರಿಸಿದರಂತೆ. ಅಪ್ಪನ ಆ ನಶ್ಯದ ಡಬ್ಬಿಯನ್ನು ನೆನಪಿಟ್ಟುಕೊಳ್ಳಿ, ಅದರ ಅಗತ್ಯ ಬೀಳುತ್ತದೆ.

ರಜೆಗೆ ಬಂದಾಗ ಅಣ್ಣ ಮನೆಯನ್ನೇ ಹಡಗು ಮಾಡಿಬಿಡುತ್ತಿದ್ದ. ಹಾಸಿಗೆಯ ಹೊದಿಕೆಯನ್ನು ಒಂದು ಸುಕ್ಕಿಲ್ಲದಂತೆ ಎಳೆದು ಕಟ್ಟುತ್ತಿದ್ದ, ಅದರ ಮೇಲೆ ಕೂರಲು ಅಪ್ಪ ಹಿಂಜರಿಯುತ್ತಿದ್ದರು. ಅವನ ಬಿಳಿ ಯೂನಿಫಾರ್ಮನ್ನು ಅಮ್ಮ ಒಗೆದು, ನೀಲಿಯಲ್ಲಿ ಅದ್ದಿ, ಅಕ್ಕಿಗಂಜಿ ಹಾಕುತ್ತಿದ್ದಳು. ಒಂದು ಸಲ ನೀಲಿ ಹೆಚ್ಚಾಗಿ ಅಂಗಿಗೆ ಅಂಗಿಯೇ ಆಕಾಶದ ಬಣ್ಣಕ್ಕೆ ತಿರುಗಿತು. ಅವನು ಬೈಯಲಿಲ್ಲ. ಅದನ್ನೇ ತೊಟ್ಟು, ಅಮ್ಮನಿಗೆ ಸೆಲ್ಯೂಟ್ ಹೊಡೆದು, ಅಂಗಳದ ಕೊಳಾಯಿಯ ಕೆಳಗೆ ಕೂತು ಮೂರು ಸಲ ಜಾಲಿಸಿದ. ಅವನಿಗೆ ಗತ್ತಿರಲಿಲ್ಲ. ಇದ್ದಿದ್ದರೆ ಮರೆಯುವುದು ಸುಲಭವಾಗುತ್ತಿತ್ತೇನೋ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಕಡೆಯ ಸಲ ಬಂದಿದ್ದು ದೀಪಾವಳಿಗೆ. ಒಂದು ತಿಂಗಳ ರಜೆ ಎಂದು ಹೇಳಿದ್ದ. ಹಬ್ಬದ ಎಣ್ಣೆನೀರು ಮುಗಿದು ವಾರವಾಗಿತ್ತೋ ಇಲ್ಲವೋ, ಕೂಡಲೇ ವಾಪಸು ಬರಬೇಕೆಂದು ತಂತಿ ಬಂತು. ಯುದ್ಧವಾಗುತ್ತದೆ ಎಂಬ ಮಾತು ಆಗಲೇ ಎಲ್ಲೆಲ್ಲೂ ಇತ್ತು. ಅಮ್ಮ ಅವನ ಜಾತಕವನ್ನು ಎರಡು ಕಡೆ ಕೊಟ್ಟಿದ್ದಳು. ಒಬ್ಬಳು ಮಲ್ಲೇಶ್ವರದ ಹುಡುಗಿ, ಆ ಭಾನುವಾರ ನೋಡಲು ಹೋಗಬೇಕಿತ್ತು. ಅಣ್ಣ ಶನಿವಾರವೇ ಹೊರಡಬೇಕಾಯಿತು.

ಶನಿವಾರ ಒಂಬತ್ತಕ್ಕೆ ರಾಹುಕಾಲ. ರೈಲು ಹತ್ತಕ್ಕೆ. ಆದ್ದರಿಂದ ಒಂಬತ್ತಕ್ಕೆ ಮುಂಚೆ ಹೊಸಿಲು ದಾಟಬೇಕೆಂದು ಅಪ್ಪ ಬೆಳಗಿನ ಜಾವದಿಂದ ಮೂರು ಗಡಿಯಾರಗಳನ್ನು ತಾಳೆ ನೋಡುತ್ತಿದ್ದರು. ರಾಹುಕಾಲ ಹಿಡಿಯಿತೆಂದರೆ ಹತ್ತೂವರೆವರೆಗೆ ಅಪ್ಪ ಯಾರನ್ನೂ ಹೊರಗೆ ಬಿಡುವವರಲ್ಲ. ಅಮ್ಮ ದಾರಿಗೆಂದು ಪುಳಿಯೋಗರೆ ಗೊಜ್ಜಿಗೆ ಮೆಣಸಿನಕಾಯಿ ಹುರಿಯುತ್ತಿದ್ದಳು. ಹೊರಡುವ ಹೊತ್ತಿನವರೆಗೂ ಹುರಿಯುತ್ತಲೇ ಇದ್ದಳು. ಕೈ ಸುಮ್ಮನಿದ್ದರೆ ಅಳು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಗೇಟಿನಲ್ಲಿ ಜಟಕಾ ನಿಂತಿತ್ತು. ಅಣ್ಣ ಅಪ್ಪನ ಕಾಲಿಗೆ ನಮಸ್ಕಾರ ಮಾಡಿ, ಅಡುಗೆಮನೆಗೆ ಹೋಗಿ ಅಮ್ಮನ ಕಾಲಿಗೆ ಮಾಡಿ ಬಂದು, ಟ್ರಂಕಿಗೆ ಕೈ ಹಾಕಿದ. ಅಪ್ಪ ಗಡಿಯಾರ ನೋಡಿ, ಇನ್ನು ಐದೇ ನಿಮಿಷ ಎಂದರು. ಅಷ್ಟರಲ್ಲಿ ನನ್ನ ಮೂಗಿನಲ್ಲಿ ಶುರುವಾಯಿತು.

ನನಗಾಗ ಹದಿನೈದು ವರ್ಷ. ಬುದ್ಧಿ ಚುರುಕು ಎಂದು ಎಲ್ಲರೂ ಹೊಗಳುತ್ತಿದ್ದರು, ಆ ಗಳಿಗೆಯಲ್ಲೂ ಅದು ಚುರುಕಾಗಿಯೇ ಓಡಿತು. ನಾನು ಸೀನಿದರೆ ಅಣ್ಣ ಕೂರಬೇಕು. ಕೂತು ನೀರು ಕುಡಿಯುವಷ್ಟರಲ್ಲಿ ರಾಹುಕಾಲ ಬಂದುಬಿಡುತ್ತದೆ. ಅಪ್ಪ ಬಿಡುವುದಿಲ್ಲ. ರೈಲು ಹೋಗುತ್ತದೆ. ಹಿಂದಿನ ದಿನವೇ ಅಣ್ಣ ಹೇಳಿದ್ದ, "ಈ ರೈಲು ತಪ್ಪಿದ್ರೆ ಮುಗೀತು, ಹಡಗು ನನ್ನ ಬಿಟ್ಟು ಹೊರಟುಬಿಡುತ್ತೆ." ನಾನು ಎರಡೂ ಕೈಯಿಂದ ಮೂಗು ಬಾಯಿ ಮುಚ್ಚಿ, ಬಾಗಿಲ ಹಿಂದಕ್ಕೆ ಸರಿದು, ಆ ಸೀನನ್ನು ಒಳಗೇ ನುಂಗಿದೆ. ಗಂಟಲಿನಲ್ಲಿ ಬೆಕ್ಕು ಕೆಮ್ಮಿದಷ್ಟು ಸದ್ದಾಗಿರಬೇಕು. ಕಣ್ಣಲ್ಲಿ ನೀರು ತುಂಬಿತು, ಮುಖ ಕೆಂಪಗಾಯಿತು.

ಅಣ್ಣ ತಿರುಗಿ ನೋಡಿದ. ನಾನು ಅಳು ತಡೆಯುತ್ತಿದ್ದೇನೆ ಎಂದುಕೊಂಡ. ಟ್ರಂಕು ಕೆಳಗಿಟ್ಟು ಬಂದು ನನ್ನ ಜಡೆಯನ್ನು ಒಂದು ಸಲ ಎಳೆದು, "ಅಳ್ಬೇಡ್ವೇ. ಹೋಗ್ಬರ್ತೀನಿ" ಅಂದ.

ಒಂಬತ್ತಕ್ಕೆ ಎರಡು ನಿಮಿಷವಿರುವಾಗ ಜಟಕಾ ಹೊರಟಿತು. ರೈಲು ಸಿಕ್ಕಿತು. ಹಡಗೂ ಸಿಕ್ಕಿತು.

ಆಮೇಲೆ ಕಡಲೆಕಾಯಿ ಪರಿಷೆ ಬಂತು. ಅಣ್ಣನಿಗೆಂದು ಅಮ್ಮ ಒಂದು ಡಬ್ಬಿ ತುಂಬ ಕಡಲೆಕಾಯಿ ಹುರಿದಿಟ್ಟಳು. ಆಮೇಲೆ ಯುದ್ಧ ಬಂತು. ಕಿಟಕಿಯ ಗಾಜುಗಳಿಗೆ ಕಪ್ಪು ಕಾಗದ ಅಂಟಿಸಿದೆವು. ಅವನ ಹಡಗು ಮುಳುಗಿದ ಸುದ್ದಿಯನ್ನು ರೇಡಿಯೋ ಹೇಳಿತು, ಹೆಸರುಗಳನ್ನು ಹೇಳಲಿಲ್ಲ. ಮೂರನೆಯ ದಿನ ತಂತಿ. ತಂತಿಯಲ್ಲಿ ಸತ್ತ ಎಂದಿರಲಿಲ್ಲ, ಕಾಣೆಯಾಗಿದ್ದಾನೆ ಎಂದಿತ್ತು. ಅಪ್ಪ ಆ ಎರಡು ಸಾಲನ್ನು ಹುಡುಗರ ಉತ್ತರಪತ್ರಿಕೆ ನೋಡುವ ಹಾಗೆ ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು. ಕಾಣೆಯಾದವನು ಕಾಣಿಸಲೂಬಹುದಲ್ಲ ಎಂದರು. ಅಮ್ಮ ಅದೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

ಹೆಣ ಸಿಗದ, ಸುದ್ದಿಯೂ ಇಲ್ಲದ ಮನುಷ್ಯನಿಗೆ ಹನ್ನೆರಡು ವರ್ಷ ಕಾಯಬೇಕು, ಆಮೇಲೆ ದರ್ಭೆಯಲ್ಲಿ ಆಳಿನ ಆಕಾರ ಮಾಡಿ ಸುಟ್ಟು ಕರ್ಮ ಮಾಡಬಹುದು ಎಂದು ಪುರೋಹಿತರು ಹೇಳಿದರು. ಸರ್ಕಾರದ ಕಾಗದಗಳು ಅದಕ್ಕೆ ಎಷ್ಟೋ ಮುಂಚೆಯೇ ಅವನನ್ನು ಸತ್ತವರ ಪಟ್ಟಿಗೆ ಸೇರಿಸಿದವು. ಅಮ್ಮ ಮಾತ್ರ ಪುರೋಹಿತರ ಮಾತನ್ನೇ ಹಿಡಿದಳು. ಹನ್ನೆರಡು ವರ್ಷ ಎಂದರೆ ಹನ್ನೆರಡು ವರ್ಷ. ಕಡಲೆಕಾಯಿ ಡಬ್ಬಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಪ್ರತಿ ವರ್ಷ ಪರಿಷೆಯ ದಿನ ಕಮಟು ಹಿಡಿದ ಹಳೆಯದನ್ನು ಸುರಿದು ಹೊಸದನ್ನು ತುಂಬುತ್ತಿದ್ದಳು.

ನಾನೋ, ಆ ಹನ್ನೆರಡು ವರ್ಷ ಅಪ್ಪ ಅಮ್ಮನ ಮುಂದೆ ಬಾಯಿ ಬಿಡಲಿಲ್ಲ. ಗೇಟಿನ ಸದ್ದಾದರೆ ಓಡಿಹೋಗಿ ನೋಡುತ್ತಿದ್ದೆ. ಅಣ್ಣ ಬಂದುಬಿಟ್ಟರೆ ನಾನು ಬದುಕಿದೆ, ಬರದಿದ್ದರೆ ಇದು ನನ್ನಿಂದಲೇ ಆಗಿದ್ದು. ಇಷ್ಟೇ ನನಗೆ ತೋಚುತ್ತಿದ್ದುದು. ಸುಮ್ಮನೆ ಕೂತಾಗಲೆಲ್ಲ ಅಪ್ಪನ ನಶ್ಯದ ಡಬ್ಬಿ ಕಣ್ಣಮುಂದೆ ಬರುತ್ತಿತ್ತು. ಅವತ್ತು ಅದು ಕೈಗೆಟುಕುವಷ್ಟು ಹತ್ತಿರ, ಗೂಡಿನಲ್ಲೇ ಇತ್ತು. ಒಂದು ಚಿಟಿಕೆ ಏರಿಸಿದ್ದರೆ ಎರಡನೆಯ ಸೀನು ಬರುತ್ತಿತ್ತು, ಜೋಡಿಯಾಗುತ್ತಿತ್ತು, ಅಪಶಕುನವೂ ಇರುತ್ತಿರಲಿಲ್ಲ, ರೈಲೂ ತಪ್ಪುತ್ತಿರಲಿಲ್ಲ. ಹದಿನೈದರ ಆ ಚುರುಕು ಬುದ್ಧಿಗೆ ಇದು ಯಾಕೆ ಹೊಳೆಯಲಿಲ್ಲ?

ಮದುವೆಯಾದ ಮೇಲೆ ನಮ್ಮ ಯಜಮಾನರಿಗೆ ಹೇಳಿದೆ. ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದವರು. ಈಗ ಇಲ್ಲ, ಹೋಗಿ ಎಂಟು ವರ್ಷವಾಯಿತು. ಮೂಗಿಗೆ ಘಾಟು ಹೊಕ್ಕರೆ ಸೀನು ಬರುತ್ತದೆ, ಅದಕ್ಕೂ ಸಮುದ್ರದಲ್ಲಿ ಹಡಗು ಮುಳುಗುವುದಕ್ಕೂ ಯಾವ ಸಂಬಂಧವೂ ಇಲ್ಲ ಎಂದು ಸಮಾಧಾನವಾಗಿ ತಿಳಿಹೇಳಿದರು. ಸರಿ, ಶಕುನ ಸುಳ್ಳೇ ಇರಲಿ ಎಂದೆ. ಆದರೆ ನಾನು ಅವತ್ತು ಜೋರಾಗಿ ಸೀನಿದ್ದರೆ ಅಪ್ಪ ಅವನನ್ನು ಕೂರಿಸುತ್ತಿದ್ದರು, ರೈಲು ತಪ್ಪುತ್ತಿತ್ತು, ಹಡಗು ಅವನನ್ನು ಬಿಟ್ಟು ಹೋಗುತ್ತಿತ್ತು, ಅವನು ಬದುಕಿರುತ್ತಿದ್ದ. ಇದರಲ್ಲಿ ಯಾವುದು ಸುಳ್ಳು ಹೇಳಿ ಎಂದು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು. ಒಳ್ಳೆಯ ಮೇಷ್ಟ್ರು, ಉತ್ತರ ಗೊತ್ತಿಲ್ಲದಿದ್ದಾಗ ಬಾಯಿಗೆ ಬಂದದ್ದನ್ನು ಹೇಳುತ್ತಿರಲಿಲ್ಲ.

ಹನ್ನೆರಡು ವರ್ಷ ತುಂಬಿತು. ಅಪ್ಪ ಪುರೋಹಿತರನ್ನು ಕರೆದುಕೊಂಡು ಶ್ರೀರಂಗಪಟ್ಟಣಕ್ಕೆ ಹೋಗುವ ಏರ್ಪಾಡು ಮಾಡಿದರು. ಹಿಂದಿನ ದಿನ ಮಧ್ಯಾಹ್ನ ನಾನು ನನ್ನ ಮಗಳನ್ನು ಮಲಗಿಸಿ, ಅಡುಗೆಮನೆಯಲ್ಲಿ ಅಮ್ಮನ ಎದುರು ಕೂತು ಅಕ್ಕಿ ಆರಿಸುತ್ತಿದ್ದೆ. ಅಮ್ಮ ಮೊರದಿಂದ ಕಣ್ಣೆತ್ತದೆ ಒಮ್ಮೆಲೇ ಹೇಳಿದಳು.

"ಅವತ್ತು ನೀನು ಸೀನಿದ್ದು ನಂಗೆ ಕೇಳಿಸಿತ್ತು ಕಣೆ. ನಾನು ತಡೀಲಿಲ್ಲ."

ಸೌಟು ಕೆಳಗಿಟ್ಟು ಬಾಗಿಲಿಗೆ ಬರುವಾಗ ಕೇಳಿಸಿತಂತೆ. ಕೂತ್ಕೋ ಮಗನೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತಂತೆ. ನನಗೆ ಏನನ್ನಿಸಿತು ಎಂದು ಕೇಳುತ್ತೀರಾ? ಸಮಾಧಾನವಾಗಿರಬೇಕು ಅಂದುಕೊಳ್ಳುತ್ತೀರಿ. ಇಲ್ಲ. ಸಿಟ್ಟು ಬಂತು. ಅಂಥ ಸಿಟ್ಟು ಅದಕ್ಕೆ ಮುಂಚೆಯೂ ಬಂದಿಲ್ಲ, ಆಮೇಲೂ ಬಂದಿಲ್ಲ. ಹನ್ನೆರಡು ವರ್ಷ ನಾನು ಒಳಗೊಳಗೇ ಸಾಯುತ್ತಿದ್ದುದನ್ನು ನೋಡಿಕೊಂಡು ಹೇಗೆ ಸುಮ್ಮನಿದ್ದೆ ಎಂದು ಕೇಳಿದೆ. ಹೇಳಿದರೆ ನಾನು ಅವಳ ಮುಖವನ್ನೇ ನೋಡುವುದಿಲ್ಲವೇನೋ ಎಂದು ಹೆದರಿದಳಂತೆ. ಒಬ್ಬ ಹೋಗಿದ್ದಾಗಿದೆ, ಇರುವವಳೂ ಹೋಗಿಬಿಟ್ಟರೆ ಎಂದುಕೊಂಡಳಂತೆ.

ಮತ್ಯಾಕೆ ತಡೀಲಿಲ್ಲ ಎಂದೆ. ಅಮ್ಮ ಅಕ್ಕಿಯಲ್ಲಿ ಸಿಕ್ಕ ಒಂದು ಕಲ್ಲನ್ನು ಉಗುರಿನಿಂದ ತೆಗೆದು ಪಕ್ಕಕ್ಕಿಟ್ಟಳು.

"ಅವನ ಮುಖ ನೋಡ್ದೆ. ಹೋಗೋ ಆಸೆ ಇತ್ತು ಕಣೆ ಅವನಿಗೆ."

ಅಷ್ಟೇ. ಎಂಥ ಉತ್ತರ ಇದು, ಇದೂ ಒಂದು ಕಾರಣವೇ, ಸಾವಿನ ಬಾಯಿಗೆ ಹೊರಟ ಮಗನ ಮುಖದ ಆಸೆಯನ್ನು ನೋಡಿ ಕೂರುವ ತಾಯಿ ಇರುತ್ತಾಳೆಯೇ ಎಂದು ಎಷ್ಟೋ ವರ್ಷ ಒಳಗೇ ಕುದಿದೆ. ಮರುದಿನ ದರ್ಭೆಯ ಅಣ್ಣನನ್ನು ಸುಟ್ಟು ಬಂದರು. ಆ ವರ್ಷದ ಪರಿಷೆಯಲ್ಲಿ ಅಮ್ಮ ಕಡಲೆಕಾಯಿ ತರಲಿಲ್ಲ. ಅವಳು ತೀರಿಕೊಳ್ಳುವವರೆಗೂ ನಾನು ಚೆನ್ನಾಗಿಯೇ ನೋಡಿಕೊಂಡೆ, ಆದರೆ ಆ ಮಾತನ್ನು ಒಪ್ಪಿಕೊಂಡೆ ಎಂದು ಒಂದು ಸಲವೂ ಹೇಳಲಿಲ್ಲ. ಒಪ್ಪಿಕೊಂಡಿರಲಿಲ್ಲ. ನಾನು ಊರಿಗೆಲ್ಲ ನೀರು ಕುಡಿಸುತ್ತ ಬಂದಿದ್ದು ಅಮ್ಮನ ಮೇಲಿನ ಹಟಕ್ಕೇ ಇರಬೇಕು. ನೀನು ತಡೆಯಲಿಲ್ಲ ತಾನೇ, ನೋಡು, ನಾನು ತಡೆಯುತ್ತೇನೆ ಎಂದು.

ಈಗ ಅನಘಾಳ ಹತ್ತಿರ ಹೋಗೋಣ. ಅವಳು ಇನ್ನೂ ನಿಂತಿದ್ದಾಳೆ.

ಸೀನು ಕೇಳಿದ ಕೂಡಲೇ ಅವಳ ಮುಖದ ನಗು ಆರಿತು. ನಾನು ಏನೂ ಹೇಳಬೇಕಾಗಲಿಲ್ಲ. ಹುಟ್ಟಿದಾಗಿನಿಂದ ತಯಾರಾದ ಹುಡುಗಿ, ತಾನಾಗಿಯೇ ಬ್ಯಾಗು ಇಳಿಸಿ ಕುರ್ಚಿಯ ತುದಿಯಲ್ಲಿ ಕೂತಳು. ನಾನು ಒಳಗೆ ಹೋಗಿ ಲೋಟದಲ್ಲಿ ನೀರು ತಂದೆ. ಅವಳು ಲೋಟವನ್ನೂ ನೋಡಿದಳು, ಮೊಬೈಲನ್ನೂ ನೋಡಿದಳು. ವಿಮಾನದ ಹೊತ್ತು, ನಮ್ಮೂರಿನ ಟ್ರಾಫಿಕ್ಕು, ಸಂಜೆಯ ಹಡಗು, ಎಲ್ಲ ಅವಳ ಕಣ್ಣಿನಲ್ಲಿ ಓಡುತ್ತಿತ್ತು. ಆದರೂ ಏಳಲಿಲ್ಲ.

ಆಗ ನನಗೆ ಒಂದು ಯೋಚನೆ ಬಂತು. ನಿಮ್ಮ ಹತ್ತಿರ ಮುಚ್ಚಿಡುವುದೇನು. ಇವಳನ್ನು ಹತ್ತು ನಿಮಿಷ ಹೀಗೆಯೇ ಕೂರಿಸಿದರೆ ಸಾಕು. ಬಸವನಗುಡಿಯ ಹತ್ತು ನಿಮಿಷ ಏರ್‌ಪೋರ್ಟ್ ರಸ್ತೆಗೆ ಹೋಗುವಷ್ಟರಲ್ಲಿ ಒಂದು ಗಂಟೆಯಾಗುತ್ತದೆ. ವಿಮಾನ ಹೋಗುತ್ತದೆ, ಹಡಗು ಇವಳನ್ನು ಬಿಟ್ಟು ಹೋಗುತ್ತದೆ, ಇವಳು ಸಂಜೆ ಇಲ್ಲೇ ಈ ಸೋಫಾದ ಮೇಲೆ ಮುಖ ಊದಿಸಿಕೊಂಡು ಕೂತಿರುತ್ತಾಳೆ. ಕೂತಿರಲಿ. ಬೈಯಲಿ. ಕಣ್ಣೆದುರಿಗೆ ಇರುತ್ತಾಳಲ್ಲ. ಅಣ್ಣನಿಗೆ ಮಾಡಬೇಕಾಗಿದ್ದನ್ನು ಇವಳಿಗಾದರೂ ಮಾಡುವ ಅವಕಾಶ ಕಾಲಬುಡಕ್ಕೆ ಬಂದಿದೆ. ನಾನು ಮಾಡಬೇಕಾಗಿದ್ದು ಇಷ್ಟೇ, ಸುಮ್ಮನಿರಬೇಕು.

"ಅಜ್ಜಿ," ಅಂದಳು ಅವಳು ಮೆಲ್ಲಗೆ, "ಇನ್ನೊಂದು ಬರುತ್ತಾ?"

ಹಟವಿಲ್ಲ, ರೇಗಾಟವಿಲ್ಲ. ನಾನು ಬೇಡವೆಂದರೆ ಉಳಿದುಬಿಡುತ್ತಿದ್ದಳು, ಅದು ನನಗೆ ಗೊತ್ತಾಯಿತು. ಅವಳ ಮುಖ ನೋಡಿದೆ. ಒಂದು ಕಾಲಿನ ಶೂ ಇನ್ನೂ ಕೈಯಲ್ಲೇ ಇತ್ತು, ಅದರ ಲೇಸನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ಮೂರು ತಿಂಗಳಿಂದ ಅಲೆ, ಗಾಳಿ, ನೀರಿನ ಬಣ್ಣ ಎಂದು ಊಟದ ಮಧ್ಯೆಯೂ ಹಲುಬಿದ ಹುಡುಗಿ. ಹೋಗುವ ಆಸೆ ಅವಳ ಮುಖದ ತುಂಬ ಇತ್ತು. ಅಮ್ಮ ಸೌಟು ಕೆಳಗಿಟ್ಟು ಬಾಗಿಲಿಗೆ ಬಂದು ಕಂಡದ್ದು ಇದನ್ನೇ ಎಂದು ನನಗೆ ಎಪ್ಪತ್ತರ ಹೊಸಿಲಲ್ಲಿ, ಕೈಯಲ್ಲಿ ನೀರಿನ ಲೋಟ ಹಿಡಿದು ನಿಂತಾಗ ಅರ್ಥವಾಯಿತು. ಅಮ್ಮನಿಗೂ ನನ್ನಷ್ಟೇ ಭಯವಿತ್ತು. ಹೆತ್ತವಳು, ನನಗಿಂತ ಜಾಸ್ತಿಯೇ ಇತ್ತು.

ನಶ್ಯದ ಡಬ್ಬಿ ಈಗ ಮನೆಯಲ್ಲಿಲ್ಲ. ನಾನು ಕಣ್ಣು ಮುಚ್ಚಿ, ಮುಖ ಕಿವುಚಿ, ಬಾಯಿಂದಲೇ ದೊಡ್ಡದಾಗಿ ಸೀನಿದೆ. ನಾಟಕದವರು ಕೂಡ ಅಷ್ಟು ಕೆಟ್ಟದಾಗಿ ಸೀನಲಾರರು.

ಅನಘಾ ಒಂದು ಕ್ಷಣ ದಿಟ್ಟಿಸಿದಳು. "ಅಜ್ಜಿ, ಇದು ಡೂಪ್ಲಿಕೇಟು."

"ಸೀನು ಸೀನೇ. ಜೋಡಿ ಆಯ್ತು. ಹೊರಡು, ಲೇಟಾಗುತ್ತೆ."

ಅವಳು ಶೂ ಹಾಕಿಕೊಂಡು, ನನ್ನನ್ನು ಒಂದು ಸಲ ಗಟ್ಟಿಯಾಗಿ ತಬ್ಬಿ ಓಡಿದಳು. ಲಿಫ್ಟಿನ ಬಾಗಿಲು ಮುಚ್ಚುವಾಗ ಒಳಗಿಂದ "ಹೋಗ್ಬರ್ತೀನಿ" ಎಂದು ಕೂಗಿದ್ದು ಕೇಳಿಸಿತು. ಕಿಟಕಿಗೆ ಹೋಗಿ ಕ್ಯಾಬು ತಿರುವು ದಾಟುವವರೆಗೆ ನೋಡಿದೆ.

ಇದಾಗಿ ಮೂರು ದಿನವಾಯಿತು. ಹಡಗು ಹತ್ತಿದೆ ಎಂದು ಅವಳು ಮೆಸೇಜು ಕಳಿಸಿದಳು, ಒಂದು ಫೋಟೋ ಬಂತು, ಆಮೇಲೆ ಸಿಗ್ನಲ್ ಇರುವುದಿಲ್ಲ ಎಂದು ಮೊದಲೇ ಹೇಳಿದ್ದಳು. ಇನ್ನು ಹದಿನೇಳು ದಿನ. ನನ್ನ ಭಯ ಹೋಯಿತು ಎಂದು ನಾನು ಹೇಳಲಾರೆ. ಲಿಫ್ಟಿನ ಸದ್ದಾದರೆ ಎದ್ದು ಕೂರುತ್ತೇನೆ, ಹವಾಮಾನದ ಸುದ್ದಿ ಬಂದರೆ ಟಿವಿಯ ದನಿ ಜಾಸ್ತಿ ಮಾಡುತ್ತೇನೆ, ಫೋಟೋದಲ್ಲಿ ಅವಳ ಹಿಂದಿರುವ ನೀರನ್ನು ದೊಡ್ಡದು ಮಾಡಿ ಮಾಡಿ ನೋಡುತ್ತೇನೆ. ಅವತ್ತು ಅವಳಿಗೆಂದು ತಂದ ನೀರನ್ನು ಕೊನೆಗೆ ನಾನೇ ಕೂತು ಕುಡಿದೆ. ಕುಡಿದು, ಗೋಡೆಯ ಮೇಲಿದ್ದ ಅಮ್ಮನ ಫೋಟೋ ನೋಡಿ, ನಲವತ್ತು ವರ್ಷ ತಡವಾಗಿ ಹೇಳಿದೆ.

"ನಾನೂ ತಡೀಲಿಲ್ಲ ಕಣಮ್ಮ."